ನಲವತ್ತು ದಾಟಿದ ಮೇಲೆ ಸರಳೆ ವರಸೆ

ನಲವತ್ತು ದಾಟಿದ ಮೇಲೆ ಸಂಗೀತ ಕಲಿಯಲು ಹೊರಟವರಿಗೆ ನೆಂಟರು ಮತ್ತು ನೆರೆಹೊರೆಯವರು ಕೇಳುವ ಪ್ರಶ್ನೆಗಳು ಹೆಚ್ಚೇನೂ ಇರುವುದಿಲ್ಲ. "ಜೂನಿಯರ್ ಪರೀಕ್ಷೆ ಯಾವಾಗ ಕಟ್ತೀರಿ?" ಎಂಬುದು ಮೊದಲನೆಯದು. "ಹಾಡು ಯಾವಾಗಿಂದ ಹೇಳಿಕೊಡ್ತಾರಂತೆ?" ಎಂಬುದು ಎರಡನೆಯದು. ಕೇಳುವವರ ಮನಸ್ಸಿನಲ್ಲಿ ಕುಹಕವಿರುವುದಿಲ್ಲ. ಕಲಿಕೆ ಎಂದ ಮೇಲೆ ಅದಕ್ಕೊಂದು ಗುರಿ ಇರಬೇಕು, ಆ ಗುರಿ ನಾಲ್ಕು ಜನರ ಕಣ್ಣಿಗೆ ಬೀಳುವಂಥದ್ದಾಗಿರಬೇಕು ಎಂಬ ನಂಬಿಕೆ ನಮ್ಮೆಲ್ಲರಲ್ಲೂ ಇದೆ. ಕೆಲವು ವರ್ಷಗಳಿಂದ ಕರ್ನಾಟಕ ಸಂಗೀತದ ಗಾಯನವನ್ನು ಕಲಿಯುತ್ತಿರುವ ನನಗೆ ಈ ನಂಬಿಕೆಯ ಅರ್ಧ ಭಾಗ ಮಾತ್ರ ಸರಿಯೆನಿಸುತ್ತದೆ. ಗುರಿ ಬೇಕು, ನಿಜ. ಆದರೆ ಪರೀಕ್ಷೆ, ವೇದಿಕೆ, ಪ್ರಮಾಣಪತ್ರಗಳಂಥ ದೂರದ ಗುರಿಗಳಿಗೆ ಇವತ್ತಿನ ಬೆಳಗಿನ ಜಾವ ನನ್ನನ್ನು ಎಬ್ಬಿಸಿ ಚಾಪೆಯ ಮೇಲೆ ಕೂರಿಸುವ ಶಕ್ತಿಯಿಲ್ಲ. ಆ ಶಕ್ತಿ ಇರುವುದು ಅಭ್ಯಾಸದ ಆ ಹೊತ್ತಿನಲ್ಲೇ ಮುಟ್ಟಬಹುದಾದ, ಮುಟ್ಟಿದೆವೋ ಇಲ್ಲವೋ ಎಂದು ನಮ್ಮ ಕಿವಿಗೇ ತಿಳಿಯಬಲ್ಲ ಚಿಕ್ಕ ಗುರಿಗೆ.

ಈ ಮಾತನ್ನು ಹೊಸ ಕಾಲದ ಮನಶ್ಶಾಸ್ತ್ರದಿಂದ ಕಲಿಯಬೇಕಾಗಿಯೇ ಇಲ್ಲ ಎಂದು ನನಗೆ ಕೆಲವೊಮ್ಮೆ ಅನ್ನಿಸುತ್ತದೆ, ಏಕೆಂದರೆ ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯ ಹೇಳುವ ಅಭ್ಯಾಸಗಾನದ ಪಾಠಕ್ರಮವೇ ಗುರಿಗಳನ್ನು ಹೇಗೆ ಕಟ್ಟಬೇಕು ಎಂಬುದಕ್ಕೆ ಒಳ್ಳೆಯ ಮಾದರಿಯಾಗಿದೆ. ಮೊದಲು ಸ್ವರಗಳನ್ನು ಏರಿಸಿ ಇಳಿಸುವ ಸರಳೆ ವರಸೆ, ಆಮೇಲೆ ಅವನ್ನು ಜೋಡಿಜೋಡಿಯಾಗಿ ಹೇಳುವ ಜಂಟಿ ವರಸೆ, ನಡುವಿನ ಸ್ವರಗಳನ್ನು ದಾಟಿ ಹೋಗುವ ದಾಟು ವರಸೆ, ಏಳು ತಾಳಗಳಲ್ಲಿ ಹಾಡುವ ಅಲಂಕಾರಗಳು, ಅವು ಮುಗಿದ ಬಳಿಕ ಮಲಹರಿ ರಾಗದ ಪಿಳ್ಳಾರಿ ಗೀತೆಗಳು. ಇವುಗಳಲ್ಲಿ ಗೀತೆಗಳನ್ನು ಬಿಟ್ಟು ಉಳಿದುದೆಲ್ಲವನ್ನೂ ಮಾಯಾಮಾಳವಗೌಳ ರಾಗದಲ್ಲಿ ಕಲಿಸುತ್ತಾರೆ. ಎಪ್ಪತ್ತೆರಡು ಮೇಳಕರ್ತ (ಮೂಲ) ರಾಗಗಳಲ್ಲಿ 15ನೆಯದಾದ ಈ ರಾಗವನ್ನು ಆರಂಭಿಕರಿಗೆ ಆರಿಸಿದ್ದರ ಹಿಂದಿನ ಜಾಣ್ಮೆ ನನಗೆ ಹೊಳೆದದ್ದು ಬಹಳ ತಡವಾಗಿ. ಷಡ್ಜದಿಂದ ಮಧ್ಯಮದವರೆಗೆ ಸ್ವರಗಳ ನಡುವೆ ಎಷ್ಟೆಷ್ಟು ಅಂತರವಿದೆಯೋ ಪಂಚಮದಿಂದ ತಾರಷಡ್ಜದವರೆಗೂ ಅಷ್ಟಷ್ಟೇ ಅಂತರವಿದೆ. ಹೀಗಾಗಿ ಕೆಳಗಿನ ಅರ್ಧದಲ್ಲಿ ಕಂಠಕ್ಕೆ ಒಗ್ಗಿದ ನಡೆ ಮೇಲಿನ ಅರ್ಧದಲ್ಲಿ ಮತ್ತೊಮ್ಮೆ ಕೈಗೆ ಬರುತ್ತದೆ. ಕಲಿಯುವವರಿಗೆ "ಇದು ನನಗೆ ಗೊತ್ತು" ಎಂಬ ಭಾವನೆ ಬೇಗನೆ ಹುಟ್ಟುವಂತೆ ಮಾಡುವ ವ್ಯವಸ್ಥೆ ಇದು.

ಅಳತೆಯೂ ಪಾಠದ ಒಳಗೇ ಇದೆ. ಮೊದಲ ಸರಳೆ ವರಸೆಯಲ್ಲಿ ಏರುವ ಎಂಟು ಸ್ವರ, ಇಳಿಯುವ ಎಂಟು ಸ್ವರ. ಆದಿತಾಳದ ಎಂಟು ಅಕ್ಷರಗಳಲ್ಲಿ, ಒಂದನೆಯ ಕಾಲಕ್ಕೆ, ಅಂದರೆ ಮೊದಲ ವೇಗಕ್ಕೆ, ಅಕ್ಷರಕ್ಕೊಂದು ಸ್ವರದಂತೆ ಇಡೀ ವರಸೆಗೆ ಎರಡು ಆವರ್ತ (ತಾಳದ ಪೂರ್ತಿ ಸುತ್ತು) ಬೇಕು. ಎರಡನೆಯ ಕಾಲದಲ್ಲಿ ಅಕ್ಷರಕ್ಕೆರಡು ಸ್ವರವಾದಾಗ ಅದು ಒಂದೇ ಆವರ್ತದಲ್ಲಿ ಮುಗಿಯುತ್ತದೆ. ಮೂರನೆಯ ಕಾಲದಲ್ಲಿ ಅಕ್ಷರಕ್ಕೆ ನಾಲ್ಕು ಸ್ವರ ಬಿದ್ದು ಅದೇ ಆವರ್ತದೊಳಗೆ ವರಸೆ ಎರಡು ಸಲ ಬರುತ್ತದೆ. ಕೈ ಹಾಕುವ ತಾಳದ ವೇಗ ಮಾತ್ರ ಮೊದಲಿಂದ ಕೊನೆಯವರೆಗೆ ಬದಲಾಗುವಂತಿಲ್ಲ. ಅಂದರೆ ಸರಿಯಾಯಿತೋ ತಪ್ಪಿತೋ ಎಂದು ಹೇಳಲು ಪರೀಕ್ಷಕರು ಬೇಕಿಲ್ಲ. ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಷಡ್ಜ ಬಂದು ಕೂತರೆ ಸರಿ, ಇಲ್ಲದಿದ್ದರೆ ಕೈಯೇ ಹೇಳಿಬಿಡುತ್ತದೆ.

ಗುರಿಗಳ ಕುರಿತು ನಡೆದಿರುವ ಸಂಶೋಧನೆಯನ್ನು ನಾನು ಕುತೂಹಲದಿಂದ ಓದಲು ಶುರುಮಾಡಿದ್ದು ಈ ಪಾಠಗಳ ನಡುವೆಯೇ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಲಾಕ್ 1968ರಲ್ಲಿಯೇ ಒಂದು ಸರಳವಾದ ಮಾತನ್ನು ಮುಂದಿಟ್ಟಿದ್ದರು: ನಿಖರವಾದ, ಸ್ವಲ್ಪ ಕಷ್ಟವೂ ಆದ ಗುರಿಯನ್ನು ಒಪ್ಪಿಕೊಂಡವರು "ಕೈಲಾದಷ್ಟು ಮಾಡಿ" ಎಂದು ಹೇಳಿಸಿಕೊಂಡವರಿಗಿಂತ ಹೆಚ್ಚು ಸಾಧಿಸುತ್ತಾರೆ. ಗ್ಯಾರಿ ಲೇಥಮ್ ಎಂಬ ಇನ್ನೊಬ್ಬ ಸಂಶೋಧಕರು ಇದನ್ನು ಪ್ರಯೋಗಾಲಯದಿಂದ ಹೊರಗೆ ತಂದು, ಒಕ್ಲಹೋಮಾದಲ್ಲಿ ಮರದ ದಿಮ್ಮಿಗಳನ್ನು ಸಾಗಿಸುವ ಲಾರಿ ಚಾಲಕರ ನಡುವೆ ಪರೀಕ್ಷಿಸಿದರು. 1975ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಕಾನೂನು ಅನುಮತಿಸುವ ತೂಕದ ಶೇ. 60ರಷ್ಟನ್ನೇ ಹೇರುತ್ತಿದ್ದ ಚಾಲಕರಿಗೆ ಶೇ. 94 ಎಂಬ ನಿಖರ ಗುರಿಯನ್ನು ಕೊಟ್ಟಾಗ, ಹೆಚ್ಚಿನ ಹಣದ ಆಮಿಷವಿಲ್ಲದೆಯೇ ಕೆಲವು ತಿಂಗಳಲ್ಲಿ ಹೇರುವ ಪ್ರಮಾಣ ಶೇ. 90ರ ಆಸುಪಾಸಿಗೆ ಏರಿತು.

ವ್ಯಕ್ತಿತ್ವ ವಿಕಸನದ ಭಾಷಣಗಳು ಸಾಮಾನ್ಯವಾಗಿ ಇಲ್ಲಿಗೆ ನಿಂತುಬಿಡುತ್ತವೆ: ದೊಡ್ಡ ಗುರಿ ಇಟ್ಟುಕೊಳ್ಳಿ, ಬರೆದು ಗೋಡೆಗೆ ಅಂಟಿಸಿ. ಲೇಥಮ್ ಅವರೇ ಮುಂದೆ ತಮ್ಮ ಸಹೋದ್ಯೋಗಿಗಳ ಜೊತೆ ನಡೆಸಿದ ಅಧ್ಯಯನಗಳ ಇನ್ನೊಂದು ಮುಖವನ್ನು ಹೇಳುವವರು ಕಡಿಮೆ. ದಿಮ್ಮಿ ಹೇರುವುದು ಚಾಲಕರಿಗೆ ಮೊದಲೇ ಗೊತ್ತಿದ್ದ ಕೆಲಸ. ಅಲ್ಲಿ ಬೇಕಾಗಿದ್ದುದು ಶ್ರಮ ಮತ್ತು ಗಮನ. ಹೇಗೆ ಮಾಡಬೇಕೆಂಬುದೇ ಇನ್ನೂ ತಿಳಿಯದ, ಜಟಿಲವಾದ ಹೊಸ ಕೆಲಸದಲ್ಲಿ ಫಲಿತಾಂಶದ ಗುರಿ ಕಲಿಯುವವರನ್ನು ಗಲಿಬಿಲಿಗೊಳಿಸಿ, "ಕೈಲಾದಷ್ಟು ಮಾಡಿ" ಎಂದಾಗ ಬರುವ ಫಲಕ್ಕಿಂತಲೂ ಕಡಿಮೆ ಫಲವನ್ನು ಕೊಡಬಹುದು. ಅಂಥ ಕಡೆ ಕಲಿಕೆಯ ಗುರಿ ಬೇಕು: ಇಷ್ಟು ಅಂಕ ಪಡೆಯುತ್ತೇನೆ ಎಂಬುದರ ಬದಲು ಇಂಥ ಒಂದು ವಿಧಾನವನ್ನು ಕಂಡುಕೊಳ್ಳುತ್ತೇನೆ, ಇಂಥ ಒಂದು ಅಂಶವನ್ನು ಹಿಡಿತಕ್ಕೆ ತಂದುಕೊಳ್ಳುತ್ತೇನೆ ಎಂಬ ಗುರಿ.

ಇದನ್ನು ಓದಿದಾಗ ನನ್ನ ಗುರುಗಳು ವಾರವಾರವೂ ಹೇಳುವ ಮಾತೇ ಪಾಂಡಿತ್ಯದ ಉಡುಗೆ ತೊಟ್ಟು ಬಂದಂತೆ ಕಂಡಿತು. "ಮೊದಲನೇ ಕಾಲದಲ್ಲಿ ಕೈ ನಿಲ್ಲದೆ ಬರಲಿ ಕಣಮ್ಮಾ, ಎರಡನೇ ಕಾಲ ಎಲ್ಲಿಗೂ ಓಡಿಹೋಗಲ್ಲ" ಎಂಬುದು ಅವರ ಮಾತು. ನನ್ನ ಪಾಠದ ಪುಸ್ತಕದ ಕೊನೆಯ ಹಾಳೆಗಳಲ್ಲಿ ನಾನು ಬರೆದಿಡುವ ಗುರಿಗಳೂ ಈ ಜಾತಿಯವೇ. ಜಂಟಿ ವರಸೆಯಲ್ಲಿ ಜೋಡಿ ಸ್ವರದ ಎರಡನೆಯದಕ್ಕೆ ಒತ್ತು ಬೀಳಬೇಕು, ಮೊದಲನೆಯದಕ್ಕೆ ಬೀಳಬಾರದು. ಇಳಿಯುವಾಗ ಶುದ್ಧ ಋಷಭ ಷಡ್ಜಕ್ಕೆ ಅಂಟಿಕೊಂಡು ತಗ್ಗಿಹೋಗಬಾರದು. ಮಂದ್ರದ ಪಂಚಮದಲ್ಲಿ ಒಂದು ಉಸಿರು ಪೂರ್ತಿ ನಿಲ್ಲಬೇಕು. ವಾರಕ್ಕೊಂದು ಸಾಲು, ಅದೂ ಒಂದೇ. ಮೂರು ಬರೆದ ವಾರಗಳಲ್ಲಿ ಒಂದೂ ಆಗದಿರುವುದನ್ನು ಕಂಡ ಮೇಲೆ ಬಂದ ಕಟ್ಟುಪಾಡಿದು.

ಗುರಿ ಎಷ್ಟೇ ಚೆನ್ನಾಗಿದ್ದರೂ ಅದಕ್ಕೊಂದು ಹೊತ್ತು, ಒಂದು ಜಾಗ ಇಲ್ಲದಿದ್ದರೆ ಅದು ಮನೆಗೆಲಸದ ನಡುವೆ ಕರಗಿಹೋಗುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಅವರ ಹೆಸರಿನೊಂದಿಗೆ ಈ ವಿಷಯ ಗಟ್ಟಿಯಾಗಿ ಸೇರಿಕೊಂಡಿದೆ. 1997ರಲ್ಲಿ ಪ್ರಕಟವಾದ ಅವರ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಕೊಟ್ಟ ಕೆಲಸ ವಿಚಿತ್ರವಾದುದು: ಕ್ರಿಸ್‌ಮಸ್ ಹಿಂದಿನ ರಾತ್ರಿಯನ್ನು ಹೇಗೆ ಕಳೆದಿರಿ ಎಂಬ ವರದಿಯನ್ನು ಆ ರಾತ್ರಿಯ ನಂತರದ ಎರಡು ದಿನಗಳೊಳಗೆ, ಅಂದರೆ ಮನೆ ತುಂಬ ಜನರಿರುವಾಗಲೇ, ಬರೆದು ಕಳುಹಿಸಬೇಕು. ಎಲ್ಲಿ ಕೂತು, ಯಾವಾಗ ಬರೆಯುತ್ತೇನೆಂದು ಮೊದಲೇ ಗೊತ್ತುಮಾಡಿಕೊಂಡವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಕಳುಹಿಸಿದರು. ಬರೆಯುತ್ತೇನೆಂಬ ಸಂಕಲ್ಪವನ್ನಷ್ಟೇ ಮಾಡಿದವರಲ್ಲಿ ಕಳುಹಿಸಿದವರು ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ. ಇಬ್ಬರ ಆಸೆಯಲ್ಲಿ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದುದು ಆಸೆಯನ್ನು ಒಂದು ನಿರ್ದಿಷ್ಟ ಸಂದರ್ಭಕ್ಕೆ ಕಟ್ಟಿಹಾಕಿದ್ದರಲ್ಲಿ.

ನಮ್ಮ ಮನೆಯಲ್ಲಿ ಆ ಸಂದರ್ಭವನ್ನು ಒದಗಿಸಿರುವುದು ನೀರಿನ ಮೋಟಾರ್. ಬೆಳಿಗ್ಗೆ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಕೆಲಸ ಯಾವ ಹಬ್ಬಕ್ಕೂ, ಯಾವ ಸೋಮಾರಿತನಕ್ಕೂ ನಿಲ್ಲುವಂಥದ್ದಲ್ಲ. ಟ್ಯಾಂಕು ತುಂಬಿ ಮೋಟಾರ್ ಆಫ್ ಮಾಡಿದ ಕೈಯಲ್ಲೇ ಶ್ರುತಿ ಪೆಟ್ಟಿಗೆಯನ್ನು ಆನ್ ಮಾಡುವುದೆಂದು ಗೊತ್ತುಮಾಡಿಕೊಂಡೆ. ಮೋಟಾರ್ ಓಡುತ್ತಿರುವಾಗಲೇ ಹಾಡಿದರೆ ಸಮಯ ಉಳಿಯುತ್ತದಲ್ಲ ಎಂದು ಮನೆಯವರು ಸೂಚಿಸಿದ್ದರು. ಆದರೆ ಮೋಟಾರಿಗೂ ತನ್ನದೇ ಆದ ಒಂದು ಶ್ರುತಿಯಿದೆ, ಅದು ನನ್ನ ಆಗಿನ ಐದು ಮನೆ ಶ್ರುತಿಗಿಂತ (ಹಾರ್ಮೋನಿಯಂನ ಐದನೆಯ ಬಿಳಿ ಮನೆ) ಸ್ವಲ್ಪ ಕೆಳಗಿದ್ದು ನಿಷ್ಕರುಣೆಯಿಂದ ನನ್ನ ಷಡ್ಜವನ್ನು ಎಳೆಯುತ್ತಿತ್ತು. ಶ್ರುತಿ ಪೆಟ್ಟಿಗೆಯೂ ಕಪಾಟಿನಿಂದ ಇಳಿದು ಊಟದ ಮೇಜಿನ ಪಕ್ಕಕ್ಕೆ ಬಂದಿದೆ. ಕಪಾಟಿನ ಬಾಗಿಲು ತೆಗೆಯುವುದು ದೊಡ್ಡ ಕೆಲಸವೇ ಎಂದು ನಗುವವರು ಬೆಳಗಿನ ಆರು ಗಂಟೆಗೆ ಅದನ್ನು ತೆಗೆದು ನೋಡಬೇಕು.

ಮನಸ್ಸು ಬಂದಾಗ ಕೂರುತ್ತೇನೆ ಎಂಬ ಮಾತನ್ನು ನಾನು ಈಗ ನಂಬುವುದಿಲ್ಲ. ಹೆಚ್ಚಿನ ದಿನಗಳಲ್ಲಿ ಮನಸ್ಸು ಬರುವುದು ಕೂತ ಮೇಲೆ, ಅದೂ ಅಕಾರ ಸಾಧನೆ ಮುಗಿದು ಗಂಟಲು ಸಡಿಲವಾಗಿ ಮೊದಲ ವರಸೆ ಸುಗಮವಾಗಿ ಹೊರಟ ಮೇಲೆ. ಉತ್ಸಾಹವನ್ನು ಬಂಡವಾಳವೆಂದು ಎಣಿಸಿ ಅದಕ್ಕಾಗಿ ಕಾಯುವವರು ಅದು ಹುಟ್ಟುವ ಜಾಗಕ್ಕೆ ಹೋಗುವುದೇ ಇಲ್ಲ.

ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ಇದರ ಮೂಲವನ್ನು ಹುಡುಕುತ್ತ ಹೋದರೆ ಸಿಗುವವರು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಶಸ್ತ್ರಚಿಕಿತ್ಸೆಯಾದ ಮೇಲೆ ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆಯೆಂದರೂ ಸುಮಾರು 21 ದಿನ ಬೇಕಾಗುತ್ತದೆ ಎಂದು ಅವರು 1960ರಲ್ಲಿ ಬರೆದಿದ್ದರು. "ಕಡಿಮೆಯೆಂದರೂ" ಎಂಬುದು ಕಾಲಕ್ರಮದಲ್ಲಿ ಉದುರಿಹೋಗಿ, ಮುಖಕ್ಕೆ ಸಂಬಂಧಿಸಿದ ಮಾತು ಎಲ್ಲ ಅಭ್ಯಾಸಗಳಿಗೂ ಅನ್ವಯಿಸುವ ನಿಯಮವಾಗಿಬಿಟ್ಟಿತು. ನಿಜವಾಗಿ ಅಳೆದು ನೋಡಿದ ಅಧ್ಯಯನಗಳಲ್ಲಿ ಹೆಸರಾದದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಅವರ ಸಂಗಡಿಗರದ್ದು. ಅದು ಒಂದು ಸಂಶೋಧನಾ ಪತ್ರಿಕೆಯ 2010ರ ಸಂಪುಟದಲ್ಲಿದೆ. ಊಟದ ಜೊತೆ ಹಣ್ಣು ತಿನ್ನುವುದು, ರಾತ್ರಿಯೂಟಕ್ಕೆ ಮುಂಚೆ ಓಡುವುದು ಮುಂತಾಗಿ ತಾವೇ ಆರಿಸಿಕೊಂಡ ಒಂದು ಕೆಲಸವನ್ನು 96 ಮಂದಿ ಹನ್ನೆರಡು ವಾರಗಳ ಕಾಲ ದಿನವೂ ಮಾಡಲು ಒಪ್ಪಿದ್ದರು. ಯೋಚನೆಯಿಲ್ಲದೆ ತಾನಾಗಿ ನಡೆಯುವ ಮಟ್ಟಕ್ಕೆ ಅದು ಬರಲು ಬೇಕಾದ ಅವಧಿಯ ನಡುಮಧ್ಯದ ಅಂಕಿ 66 ದಿನ. ಆದರೆ ಒಬ್ಬೊಬ್ಬರಿಗೂ ಅದು 18 ದಿನದಿಂದ 254 ದಿನದವರೆಗೆ ಹರಡಿಕೊಂಡಿತ್ತು. (ಹನ್ನೆರಡು ವಾರದ ಅಧ್ಯಯನದಲ್ಲಿ 254 ಹೇಗೆ ಬಂತೆಂದು ಕೇಳುವವರಿಗೆ: ಅದು ಆ ವ್ಯಕ್ತಿಯ ಏರುಗತಿಯನ್ನು ಮುಂದಕ್ಕೆ ಲೆಕ್ಕಹಾಕಿ ಪಡೆದ ಅಂದಾಜು.)

ಆ ಅಧ್ಯಯನದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಮಾತ್ರ ಬೇರೆಯೇ ಒಂದು ಅಂಶ. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯೇನೂ ಆಗಿರಲಿಲ್ಲ. ಮದುವೆ, ಗೃಹಪ್ರವೇಶ, ಆಯುಧಪೂಜೆಯ ಮನೆ ತೊಳೆಯುವಿಕೆ, ಮಳೆಗಾಲದಲ್ಲಿ ಹಿಡಿಯುವ ನೆಗಡಿ ಇವುಗಳ ನಡುವೆ ಬದುಕುವ ನಮಗೆ ಇದಕ್ಕಿಂತ ದೊಡ್ಡ ಸಮಾಧಾನ ಇನ್ನೊಂದಿಲ್ಲ. ದಿನ ತಪ್ಪಿಸದ ಸರಪಳಿಯನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಪದ್ಧತಿ ಕೆಲವರಿಗೆ ಹಿಡಿಸುತ್ತದೆ. ನನಗೆ ಹಿಡಿಸಲಿಲ್ಲ, ಏಕೆಂದರೆ ಸರಪಳಿ ಕಡಿದ ದಿನ ಮನಸ್ಸು "ಇನ್ನು ಹೊಸ ವರ್ಷಕ್ಕೆ ನೋಡೋಣ" ಎನ್ನುತ್ತದೆ. ಗಂಟಲು ಕಟ್ಟಿದ ದಿನ ತಾಳ ಹಾಕುತ್ತ ಸ್ವರಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬಹುದು. ಊರಿಗೆ ಹೋದ ದಿನ ಅದೂ ಆಗದು, ಆಗದಿರಲಿ. ಮರಳಿ ಬಂದ ಮರುದಿನ ಮೋಟಾರ್ ಹೇಗೂ ಹಾಕಲೇಬೇಕು.

ಎಲ್ಲಕ್ಕಿಂತ ಹೆಚ್ಚು ಜನ ಕಲಿಕೆಯನ್ನು ಕೈಬಿಡುವುದು ಆರಂಭದಲ್ಲಿಯೂ ಅಲ್ಲ, ಕೊನೆಯಲ್ಲಿಯೂ ಅಲ್ಲ, ನಡುವಿನಲ್ಲಿ. ನಮ್ಮ ತರಗತಿಯಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಸರಳೆ ವರಸೆಗೆ ಬರುವವರು ಬಹಳ; ಗೀತೆ ಶುರುವಾದ ಮೇಲೆ ಬಿಡುವವರು ಕಡಿಮೆ. ಜಂಟಿ ಮುಗಿದು ದಾಟು ವರಸೆ, ಅಲಂಕಾರಗಳು ನಡೆಯುವ ಆ ದೀರ್ಘ ಅವಧಿಯಲ್ಲಿ ಹೊಸತನ ಮುಗಿದಿರುತ್ತದೆ, ಸಾಹಿತ್ಯ ಇನ್ನೂ ಬಂದಿರುವುದಿಲ್ಲ, ಮನೆಯವರಿಗೂ ಅದೇ ಸ್ವರಗಳನ್ನು ಕೇಳಿ ಕೇಳಿ ಬೇಸರ ಬಂದಿರುತ್ತದೆ. ಗುರಿ ಹತ್ತಿರವಾದಂತೆ ಶ್ರಮ ಹೆಚ್ಚುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಕ್ಲಾರ್ಕ್ ಹಲ್ 1930ರ ದಶಕದಲ್ಲಿ ಇಲಿಗಳ ಓಟದಲ್ಲಿ ತೋರಿಸಿದ್ದರು. ಮನುಷ್ಯರ ಮೇಲೆ ಮುಂದೆ ನಡೆದ ಅಧ್ಯಯನಗಳು ಆರಂಭದ ಗುರುತೂ ಕೊನೆಯ ಗುರುತೂ ಎರಡೂ ದೂರವಿರುವ ನಡುಭಾಗದಲ್ಲಿ ಉತ್ಸಾಹ ತಗ್ಗುವುದನ್ನು ಕಂಡಿವೆ. ಇದಕ್ಕೆ ಸಂಶೋಧಕರು ಕೊಡುವ ಸಲಹೆಯೆಂದರೆ, ಮೊದಲ ಅರ್ಧದಲ್ಲಿ ಎಷ್ಟು ಮುಗಿಯಿತೆಂದು ಎಣಿಸಬೇಕು, ಎರಡನೆಯ ಅರ್ಧದಲ್ಲಿ ಎಷ್ಟು ಉಳಿದಿದೆಯೆಂದು ಎಣಿಸಬೇಕು. ಎರಡರಲ್ಲಿ ಚಿಕ್ಕ ಸಂಖ್ಯೆ ಯಾವುದೋ ಅದರ ಮೇಲೆ ಕಣ್ಣಿದ್ದರೆ ಪ್ರತಿ ಹೆಜ್ಜೆಯೂ ದೊಡ್ಡದಾಗಿ ಕಾಣುತ್ತದೆ.

ಏಳು ತಾಳಗಳ ಅಲಂಕಾರಗಳಿಗೆ ಈ ಲೆಕ್ಕ ಹೇಳಿ ಮಾಡಿಸಿದಂತಿದೆ. ಧ್ರುವ ಹದಿನಾಲ್ಕು ಅಕ್ಷರ, ಮಟ್ಯ ಹತ್ತು, ರೂಪಕ ಆರು, ಝಂಪೆ ಹತ್ತು, ತ್ರಿಪುಟ ಏಳು, ಅಟ್ಟ ಹದಿನಾಲ್ಕು, ಏಕ ನಾಲ್ಕು. ಮೊದಲನೆಯದಾದ ಧ್ರುವವೇ ಉದ್ದವಾದುದರಿಂದ ಅದನ್ನು ಮುಗಿಸಿದವರು ಏಳರಲ್ಲೊಂದಕ್ಕಿಂತ ಹೆಚ್ಚನ್ನು ಮುಗಿಸಿದಂತೆಯೇ. ಒಂದೇ ಹದಿನಾಲ್ಕು ಅಕ್ಷರ ಧ್ರುವದಲ್ಲಿ ನಾಲ್ಕು, ಎರಡು, ನಾಲ್ಕು, ನಾಲ್ಕು ಎಂದು ಒಡೆದರೆ ಅಟ್ಟದಲ್ಲಿ ಐದು, ಐದು, ಎರಡು, ಎರಡು ಎಂದು ಒಡೆಯುತ್ತದೆ ಎಂಬುದನ್ನು ಕೈ ಅರಿತುಕೊಳ್ಳುವ ಹೊತ್ತಿಗೆ ಬೇಸರಕ್ಕೆ ಜಾಗವಿರುವುದಿಲ್ಲ. ಮಿಶ್ರ ಝಂಪೆಯ ಏಳೆಣಿಕೆಯ ಲಘುವಿನ ನಂತರ ಬರುವ ಒಂದೇ ಒಂದು ಅನುದ್ರುತ (ಒಂದೇ ಪೆಟ್ಟು) ತಪ್ಪದೆ ಬಿದ್ದ ದಿನ ನನಗೆ ಆದ ಸಂತೋಷವನ್ನು ಮನೆಯಲ್ಲಿ ಯಾರಿಗೂ ವಿವರಿಸಲಾಗಲಿಲ್ಲ. ತರಗತಿಯಲ್ಲಿ ನನ್ನ ಪಕ್ಕ ಕೂರುವ ನಾಲ್ಕನೆಯ ಇಯತ್ತೆಯ ಹುಡುಗಿಗೆ ಮಾತ್ರ ಥಟ್ಟನೆ ಅರ್ಥವಾಯಿತು. "ಆಂಟಿ, ನಂಗೂ ಅಲ್ಲೇ ತಪ್ತಿತ್ತು" ಎಂದಳು.

ಆ ಮಗುವಿನ ಮಾತು ಕೊಟ್ಟ ಬಲಕ್ಕೂ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಿಗುವ ಚಪ್ಪಾಳೆಯ ಚಿತ್ರಗಳಿಗೂ ಇರುವ ಅಂತರವನ್ನು ಕುರಿತು ನಾನು ಆಗಾಗ ಯೋಚಿಸುತ್ತೇನೆ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಕೆಲವು ಮಕ್ಕಳಿಗೆ, ಚಿತ್ರ ಬಿಡಿಸಿದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಕೊಟ್ಟರು. ಕೆಲವು ದಿನಗಳ ನಂತರ ಬಹುಮಾನದ ಮಾತಿಲ್ಲದೆ ಅದೇ ಪೆನ್ನುಗಳನ್ನು ಮುಂದಿಟ್ಟಾಗ, ಈ ಮಕ್ಕಳು ಉಳಿದವರ ಅರ್ಧದಷ್ಟು ಸಮಯವನ್ನು ಮಾತ್ರ ಅವುಗಳೊಂದಿಗೆ ಕಳೆದರು. ನಿರೀಕ್ಷೆಯಿಲ್ಲದೆ ಅಚ್ಚರಿಯಾಗಿ ಪ್ರಶಸ್ತಿಪತ್ರ ಪಡೆದವರಲ್ಲಿ ಇಂಥ ಕುಸಿತ ಕಾಣಲಿಲ್ಲ. ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಇಂಥ ಅನೇಕ ಅಧ್ಯಯನಗಳ ಆಧಾರದ ಮೇಲೆ ಕಟ್ಟಿದ ವಾದದಂತೆ, ಒಳಗಿನ ಪ್ರೇರಣೆ ಉಳಿಯಲು ಮೂರು ಬೇಕು: ಇದನ್ನು ನಾನೇ ಆರಿಸಿಕೊಂಡೆ ಎಂಬ ಭಾವ, ನನ್ನ ಕೈಲಿ ಆಗುತ್ತಿದೆ ಎಂಬ ಅರಿವು, ಜೊತೆಗಾರರ ಸಂಗ. ಒಂಟಿಯಾಗಿ ಯೂಟ್ಯೂಬ್ ನೋಡಿ ಕಲಿಯಲು ಹೊರಟ ನನ್ನ ಕೆಲವು ಗೆಳತಿಯರು ಅರ್ಧಕ್ಕೆ ನಿಲ್ಲಿಸಿದ್ದರಲ್ಲಿ ಈ ಮೂರನೆಯದರ ಕೊರತೆಯೇ ಮುಖ್ಯವೆಂದು ನನ್ನ ಊಹೆ.

ಹಾಗೆಂದು ಪರೀಕ್ಷೆಯನ್ನು ಹೀಗಳೆಯುವವಳು ನಾನಲ್ಲ. ಜೂನಿಯರ್ ಪರೀಕ್ಷೆಗೆ ಒಂದು ತಾರೀಖಿರುತ್ತದೆ, ಪಠ್ಯಕ್ರಮಕ್ಕೊಂದು ಮೇರೆಯಿರುತ್ತದೆ, ಹಾಡುವುದಷ್ಟೇ ಸಾಲದೆ ಶಾಸ್ತ್ರದ ಪ್ರಶ್ನೆಪತ್ರಿಕೆಗೂ ಓದಬೇಕಾಗುತ್ತದೆ. ಇಲ್ಲದಿದ್ದರೆ ತಾಳಗಳ ಅಂಗಗಳನ್ನೂ ವಾಗ್ಗೇಯಕಾರರ ಜೀವನವನ್ನೂ ನನ್ನಂಥವರು ತಾವಾಗಿ ಓದುವುದು ಅನುಮಾನ. ಆದರೆ ಗುರುಗಳು ಹೇಳುವಂತೆ, ಪರೀಕ್ಷೆಗಾಗಿಯೇ ಆರು ತಿಂಗಳಲ್ಲಿ ಪಾಠ ಉರುಹೊಡೆದವರಲ್ಲಿ ಫಲಿತಾಂಶ ಬಂದ ಮೇಲೆ ತರಗತಿಗೆ ಮರಳುವವರು ಬೆರಳೆಣಿಕೆಯಷ್ಟು.

ಅಭ್ಯಾಸದ ಹೊತ್ತಿನ ಬಗ್ಗೆಯೂ ಒಂದು ಮಾತು. ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರಷ್ಟೇ ಪರಿಣತಿ ಬರುತ್ತದೆ ಎಂಬ ಕಥೆಯನ್ನು ಕೇಳಿ ನಮ್ಮ ವಯಸ್ಸಿನವರು ಲೆಕ್ಕ ಹಾಕಿ ಹೆದರುತ್ತಾರೆ. 1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಸಂಗೀತ ವಿದ್ಯಾಲಯದ ಪಿಟೀಲು ವಿದ್ಯಾರ್ಥಿಗಳ ಕುರಿತು ಬರೆದುದರಿಂದ ಹೊರಟ ಸಂಖ್ಯೆಯದು; ಅತ್ಯುತ್ತಮರೆನಿಸಿದ ಗುಂಪು ಇಪ್ಪತ್ತನೆಯ ವಯಸ್ಸಿಗೆ ಏಕಾಂತದಲ್ಲಿ ಮಾಡಿದ್ದ ಅಭ್ಯಾಸದ ಸರಾಸರಿ ಅದು, ದಾಟಲೇಬೇಕಾದ ಹೊಸ್ತಿಲೆಂದು ಅವರು ಹೇಳಿರಲಿಲ್ಲ. ಅವರು ಒತ್ತಿ ಹೇಳಿದ್ದು ಅಭ್ಯಾಸದ ಬಗೆಯನ್ನು: ಬಾರದ ಜಾಗವನ್ನು ಗುರುತಿಸಿ, ಅದನ್ನೇ ಪ್ರತ್ಯೇಕಿಸಿ, ತಿದ್ದುವವರ ಕಿವಿಯ ಸಹಾಯದಿಂದ ಮತ್ತೆ ಮತ್ತೆ ಮಾಡುವುದು, ದಣಿಯುವ ಮುಂಚೆ ನಿಲ್ಲಿಸುವುದು. ಬರುವ ವರಸೆಯನ್ನೇ ಇಪ್ಪತ್ತು ಸಲ ಹಾಡಿ ಎದ್ದುಬಂದರೆ ಹಿತವೆನಿಸುತ್ತದೆ, ಪಾಠ ಮಾತ್ರ ಇದ್ದಲ್ಲೇ ಇರುತ್ತದೆ.

ಕೊನೆಗೆ ಗುರಿಯನ್ನು ಬಿಡುವ ವಿಷಯ. ಹಿಡಿದದ್ದನ್ನು ಬಿಡಬಾರದೆಂಬ ಉಪದೇಶವನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ದೇಹಕ್ಕೆ ಒಗ್ಗದ ಗುರಿಯನ್ನು ಹೊತ್ತು ತಿರುಗುವುದರಿಂದ ಉಳಿದ ಗುರಿಗಳಿಗೂ ಪೆಟ್ಟು ಬೀಳುತ್ತದೆ. ನನ್ನ ಕಂಠಕ್ಕೆ ಐದು ಮನೆಯಲ್ಲಿ ತಾರಸ್ಥಾಯಿಯ ಗಾಂಧಾರ ಎಟಕುವುದಿಲ್ಲ, ಎಟಕಿದ ದಿನವೂ ಅದು ಕಿರುಚಿದಂತಿರುತ್ತದೆ. ಶ್ರುತಿಯನ್ನು ಇಳಿಸುವ ಮಾತು ಬಂದಾಗ ಗುರುಗಳು ಒಂದು ವಾರ ನಾಲ್ಕೂವರೆ ಮನೆಯಲ್ಲಿ ಹಾಡಿಸಿ ನೋಡಿ, "ಇದೇ ನಿಮ್ಮ ಶ್ರುತಿ, ಇನ್ನು ಇದರಲ್ಲೇ ಇರಲಿ" ಎಂದು ತೀರ್ಮಾನಿಸಿದರು. ಎಲ್ಲ ಅಲಂಕಾರಗಳನ್ನೂ ಮೂರನೆಯ ಕಾಲದಲ್ಲಿ ಹಾಡಬೇಕೆಂದು ನಾನು ಬರೆದುಕೊಂಡಿದ್ದ ಸಾಲನ್ನೂ ಆಗಲೇ ಹೊಡೆದುಹಾಕಿದೆ. ರೂಪಕ, ತ್ರಿಪುಟ ಮತ್ತು ಏಕ ತಾಳಗಳಿಗೆ ಮಾತ್ರ ಅದನ್ನು ಉಳಿಸಿಕೊಂಡು, ಉಳಿದ ನಾಲ್ಕನ್ನು ಎರಡನೆಯ ಕಾಲದಲ್ಲಿ ಸ್ವರ ಜಾರದಂತೆ ಹಾಡುವುದೆಂದು ಗೊತ್ತುಮಾಡಿದ್ದೇವೆ. ಈ ವಾರದ ಸಾಲು ಮಟ್ಯತಾಳದ್ದು. ಅದರ ನಡುವಿನ ಎರಡೆಣಿಕೆಯ ದ್ರುತದಲ್ಲಿ ನನ್ನ ಕೈ ಯಾಕೋ ಈಗಲೂ ಅವಸರ ಮಾಡುತ್ತದೆ.